ಅಪ್ಪನ ಔಷಧ

ಕಳೆದ ಆಗಸ್ಟ್ ತಿಂಗಳ ಮೊದಲನೆಯ ದಿನ ನಮ್ಮ ಕಾಲೇಜಿನ ಅಂಗಳದಲ್ಲಿ ನಾವೆಲ್ಲರೂ ಸಾಲಾಗಿ ನಿಂತು, ಬಲಗೈಯನ್ನು ಮುಂದೆ ಚಾಚಿ, ಒಂದು ಪ್ರತಿಜ್ಞೆ ಮಾಡಿದೆವು. ವಾಚಕರಲ್ಲಿ ಅನೇಕರು ಅಂದು ನನ್ನ ಅಕ್ಕಪಕ್ಕದಲ್ಲಿಯೇ ಇದ್ದಿರಿ. ಆದ್ದರಿಂದ ಹೆಚ್ಚು ವರ್ಣಿಸಬೇಕಾದ್ದಿಲ್ಲ. ಧ್ವನಿವರ್ಧಕ ಎರಡು ಸಲ ಕೈಕೊಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. 'ಮದ್ಯಪಾನ, ಧೂಮಪಾನ, ಮಾದಕ ವಸ್ತುಗಳಿಂದ ನಾನು ದೂರವಿರುತ್ತೇನೆ' ಎಂಬಲ್ಲಿಯವರೆಗೆ ನಾನೂ ಗಟ್ಟಿಯಾಗಿಯೇ ಹೇಳಿದೆ. 'ಇತರರನ್ನೂ ದೂರವಿಡಲು ಪ್ರಯತ್ನಿಸುತ್ತೇನೆ' ಎಂಬ ಮಾತು ಬಂದಾಗ ನನ್ನ ಗಂಟಲು ಕಟ್ಟಿತು. ಏಕೆಂದರೆ ಆ ಪ್ರಯತ್ನವನ್ನು ನಾನು ಒಮ್ಮೆ ಮಾಡಿದ್ದೆ, ಮತ್ತು ಅದರಿಂದ ನನ್ನ ತಂದೆಯ ಪ್ರಾಣ ಹೋಗುವುದರಲ್ಲಿತ್ತು.

ಪ್ರತಿಜ್ಞೆ ಮುಗಿದ ಮೇಲೆ ನಮ್ಮ ಅಧ್ಯಾಪಕರೊಬ್ಬರು ಆ ದಿನದ ವಿಶೇಷವನ್ನು ತಿಳಿಸಿದರು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಹುಟ್ಟಿದ್ದು 1930ರ ಆಗಸ್ಟ್ 1ರಂದು. 2018ರಲ್ಲಿ ಅವರು ತೀರಿಕೊಂಡರು. ಹೆಗಲಿಗೆ ಜೋಳಿಗೆ ಹಾಕಿಕೊಂಡು ಅವರು ಊರೂರು ತಿರುಗಿ ಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ. ಕಾಳು ಬೇಡ, ಕಾಸು ಬೇಡ, ನಿಮ್ಮ ಚಟವನ್ನು ನನ್ನ ಜೋಳಿಗೆಗೆ ಹಾಕಿ ಎಂದು ಕೇಳುತ್ತಿದ್ದರಂತೆ. ಜನ ಬೀಡಿಯ ಕಟ್ಟನ್ನೋ ತಂಬಾಕಿನ ಚೀಟಿಯನ್ನೋ ತಂದು ನಾಲ್ಕು ಜನರೆದುರಿಗೆ ಅದರೊಳಗೆ ಹಾಕುತ್ತಿದ್ದರು. ಅವರ ಜನ್ಮದಿನವನ್ನೇ ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ನನಗೆ ಆ ಕಥೆಯಲ್ಲಿ ನೆಟ್ಟ ಮಾತು ಒಂದೇ: ನಾಲ್ಕು ಜನರೆದುರಿಗೆ. ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಅಡಿಗೆಮನೆಯ ಮೂಲೆಯಲ್ಲಿ, ಉಪ್ಪಿನ ಜಾಡಿಯ ಹಿಂದೆ.

ಅದನ್ನು ಬರೆದುಕೊಡು ಎಂದು ಅಧ್ಯಾಪಕರು ಹೇಳಿದರು. ನಾನು ವೈದ್ಯಶಾಸ್ತ್ರ ಓದಿದವನಲ್ಲ. ಇತಿಹಾಸ, ಕನ್ನಡಗಳ ವಿದ್ಯಾರ್ಥಿ. ಕಂಡದ್ದನ್ನೂ, ಕಂಡ ಮೇಲೆ ಹುಡುಕಿ ಓದಿ ತಿಳಿದದ್ದನ್ನೂ ಬರೆಯುತ್ತೇನೆ.

ನಮ್ಮೂರು ಸಂತೆಮರಹಳ್ಳಿ. ಚಾಮರಾಜನಗರದಿಂದ ಕೊಳ್ಳೇಗಾಲಕ್ಕೆ ಹೋಗುವ ದಾರಿಯಲ್ಲಿ, ಯಳಂದೂರು ಬರುವುದಕ್ಕೆ ಮೊದಲು ಸಿಗುತ್ತದೆ. ಮೂಡಲಿಗೆ ನೋಡಿದರೆ ಬಿಳಿಗಿರಿರಂಗನ ಬೆಟ್ಟದ ಸಾಲು. ಹೆಸರಿನಲ್ಲಿಯೇ ಸಂತೆಯಿರುವ ಊರು. ಸುತ್ತಿನ ಹಳ್ಳಿಯವರು ಕೊಳ್ಳುವುದಕ್ಕೂ ಮಾರುವುದಕ್ಕೂ ಇಲ್ಲಿಗೇ ಬರಬೇಕು. ನಮಗಿರುವುದು ಒಂದೂವರೆ ಎಕರೆ. ಅದರಲ್ಲಿ ಮುಕ್ಕಾಲು ಪಾಲು ಹಿಪ್ಪುನೇರಳೆ. ಅಪ್ಪ ರೇಷ್ಮೆಹುಳು ಸಾಕುತ್ತಾನೆ. ಸಾಕುತ್ತಾನೆ ಎಂದರೆ ಕಡಿಮೆಯಾಯಿತು, ಹುಳುವಿಗೆ ಬಾಣಂತನ ಮಾಡುತ್ತಾನೆ ಎನ್ನಬೇಕು. ಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ. ಜ್ವರವೆಂದರೆ ಕಾಯಿಲೆಯಲ್ಲ, ಸೊಪ್ಪು ಬಿಟ್ಟು ತಲೆಯೆತ್ತಿ ಅಲುಗದೆ ಕೂತು ಪೊರೆ ಕಳಚುವ ಹೊತ್ತು. ಆಗ ಅಪ್ಪ ಹುಳುಮನೆಯಲ್ಲಿ ಜೋರಾಗಿ ಮಾತನಾಡಲು ಸಹ ಬಿಡುವುದಿಲ್ಲ. ನಾಲ್ಕನೆಯ ಜ್ವರ ಎದ್ದ ಮೇಲೆ ಹಸಿವೋ ಹಸಿವು. ನಡುರಾತ್ರಿಯಲ್ಲಿಯೂ ಎದ್ದು ಸೊಪ್ಪು ಹಾಕಬೇಕು. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಕಡಿಯುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗಿರುತ್ತದೆ. ನಾನು ಮಗುವಾಗಿದ್ದಾಗ ಆ ಸದ್ದು ಕೇಳುತ್ತಲೇ ನಿದ್ದೆ ಮಾಡುತ್ತಿದ್ದೆ.

ಹೊಗೆಸೊಪ್ಪು ಹುಳುವಿಗೆ ವಿಷ. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಿದರೂ ಹುಳು ಕೆಡುತ್ತದೆಂದು ನಮ್ಮ ಕಡೆಯವರಿಗೆಲ್ಲ ಗೊತ್ತು. ಅಪ್ಪ ಮದುವೆಗೆ ಮೊದಲೇ ಬೀಡಿ ಬಿಟ್ಟನಂತೆ, ಹುಳುವಿಗೋಸ್ಕರ. ಹುಳುವಿಗೋಸ್ಕರ ಬೀಡಿ ಬಿಟ್ಟ ಮನುಷ್ಯ ಹೆಂಡತಿ ಮಕ್ಕಳಿಗೋಸ್ಕರ ಕುಡಿತ ಏಕೆ ಬಿಡಲಾರ ಎಂದು ಅವ್ವ ಜಗಳವಾದಾಗಲೆಲ್ಲ ಕೇಳುತ್ತಿದ್ದಳು. ನನಗೂ ಅದು ಸರಿಯಾದ ಪ್ರಶ್ನೆಯೆಂದೇ ತೋರುತ್ತಿತ್ತು.

ಕುಡಿತ ನಮ್ಮ ಸೀಮೆಗೆ ಹೊಸದಲ್ಲ. ಅವ್ವನ ತವರು ಕೊಳ್ಳೇಗಾಲದ ಕಡೆ. 1956ರವರೆಗೆ ಅದು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಮದರಾಸಿನಲ್ಲಿಯೋ 1948ರ ಹೊತ್ತಿಗೆ ಎಲ್ಲ ಕಡೆಯೂ ಪಾನನಿರೋಧ. ಪಾನನಿರೋಧದ ಕಾಲದಲ್ಲಿ ನನ್ನ ಮುತ್ತಜ್ಜ ಈಚಲ ಮರದ ಬುಡದಲ್ಲಿ ಮಡಕೆ ಹೂತಿಡುತ್ತಿದ್ದನೆಂದು ಅಜ್ಜಿ ನಗುತ್ತ ಹೇಳುತ್ತಿದ್ದಳು. ಅಪ್ಪ ಕಲಿತದ್ದು ಸಾರಾಯಿ ಪ್ಯಾಕೆಟ್ಟಿನ ಕಾಲದಲ್ಲಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಹೆಂಗಸರು ಸಂತೋಷಪಟ್ಟರು. ಅಪ್ಪ ಅದರ ಬಗ್ಗೆ, "ಸರ್ಕಾರ ಪ್ಯಾಕೆಟ್ ನಿಲ್ಲಿಸ್ತು, ನಂಗ ಕ್ವಾಟ್ರುಗೆ ಬಡ್ತಿ ಆಯ್ತು ಕನಾ" ಎಂದು ತಮಾಷೆ ಮಾಡುತ್ತಿದ್ದ. ಕಾಸು ಹೆಚ್ಚು ಹೋಗತೊಡಗಿತು, ಅಷ್ಟೆ.

ಒಂದು ಮಾತು ಹೇಳಬೇಕು. ಅಪ್ಪ ಹೊಡೆಯುವವನಲ್ಲ. ಬೀದಿಯಲ್ಲಿ ಬೀಳುವವನೂ ಅಲ್ಲ. ಬೆಳಿಗ್ಗೆ ಕೈ ನಡುಗುತ್ತಿತ್ತು. ಎಲ್ಲಿಯೋ ಬಚ್ಚಿಟ್ಟದ್ದನ್ನು ಒಂದು ಗುಟುಕು ಕುಡಿದರೆ ನಡುಕ ನಿಲ್ಲುತ್ತಿತ್ತು. ಆಮೇಲೆ ಸೊಪ್ಪು ಕೊಯ್ಯಲು ಹೋಗುತ್ತಿದ್ದ. ಬಾಟಲಿಗಳು ಚಂದ್ರಿಕೆಯ ಹಿಂದೆ, ಸುಣ್ಣದ ಚೀಲದೊಳಗೆ, ಒಮ್ಮೆ ನನ್ನ ಹಳೆಯ ಶಾಲಾಚೀಲದಲ್ಲಿ ಸಿಕ್ಕಿದವು. ಕಂಡವರು ಕಾಣದವರಂತೆ ಇದ್ದೆವು. ಸಂಬಂಧಿಕರು ಬಂದರೆ "ಮೈಯಲ್ಲಿ ಸರಿಯಿಲ್ಲ, ಮಲಗವ್ರೆ" ಎಂದು ಅವ್ವ ಹೇಳುತ್ತಿದ್ದಳು.

ಹೀಗಿರುವಾಗ 2020ರ ಮಾರ್ಚ್ ಬಂತು. ಕೊರೋನಾ ಕಾರಣದಿಂದ ದೇಶವೆಲ್ಲ ಬಾಗಿಲು ಹಾಕಿದ್ದು ಮಾರ್ಚ್ 25ರಂದು; ಅದೇ ದಿನ ಯುಗಾದಿ. ಹೆಂಡದಂಗಡಿಗಳೂ ಮುಚ್ಚಿದವು. ಮಾರನೆಯ ದಿನ ಹೊಸತೊಡಕು. ನಮ್ಮ ಕಡೆ ಹೊಸತೊಡಕೆಂದರೆ ಏನೆಂದು ವಾಚಕರಿಗೆ ಹೇಳಬೇಕೆ? ಅಂದು ಅಪ್ಪನ ಬಳಿ ಒಂದು ತೊಟ್ಟೂ ಇರಲಿಲ್ಲ. ಬಾಡಿನ ಸಾರು ಮುಂದಿದ್ದರೂ ತುತ್ತನ್ನು ಬಾಯಿಗಿಡಲು ಆಗದಷ್ಟು ಕೈ ನಡುಗುತ್ತಿತ್ತು. ಬೆವರು. ರಾತ್ರಿಯೆಲ್ಲ ನಿದ್ದೆಯಿಲ್ಲ. ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಓದುತ್ತಿದ್ದೆ, ಪರೀಕ್ಷೆ ಮುಂದಕ್ಕೆ ಹೋಗಿತ್ತು. ಅವ್ವ ಒಳಗೊಳಗೇ ಖುಷಿಯಾಗಿದ್ದಳು. ಸರ್ಕಾರವೇ ಬಿಡಿಸಿತಲ್ಲ ಎಂದು!

ಮೂರನೆಯ ರಾತ್ರಿ ಸುಮಾರು ಎರಡು ಗಂಟೆಯಲ್ಲಿ ಎಚ್ಚರವಾಯಿತು. ಅಪ್ಪ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ನನ್ನ ಕಂಬಳಿಯಿಂದ ಏನನ್ನೋ ಒಂದೊಂದಾಗಿ ಆರಿಸಿ ಎಡಗೈಯೊಳಗೆ ಹಾಕಿಕೊಳ್ಳುತ್ತಿದ್ದ. ಬಹಳ ನಾಜೂಕಾಗಿ, ಎರಡು ಬೆರಳಲ್ಲಿ. "ಏನಪ್ಪಾ?" ಎಂದೆ. "ಏಳ್ಲಾ ಮಗ, ಹುಳ ಎಲ್ಲಾ ಹಣ್ಣಾಗಿ ಕೆಳಕ್ಕೆ ಬಿದ್ದೋಯ್ತಾವ. ಚಂದ್ರಿಕೆ ತಕ್ಕೊಂಡ್ ಬಾ" ಎಂದ. ಆಗ ಮನೆಯಲ್ಲಿ ಒಂದು ಹುಳುವೂ ಇರಲಿಲ್ಲ. ಹಿಂದಿನ ಬೆಳೆಯ ಗೂಡು ಮಾರಿ ಆಗಿತ್ತು. ನಾನು ದೀಪ ಹಾಕಿದೆ. ಗೋಡೆಯ ಮೇಲೂ ಹುಳು ಕಾಣುತ್ತಿದ್ದುವೆಂದು ತೋರುತ್ತದೆ. ಕೈಚಾಚಿ ಗೋಡೆಯಿಂದಲೂ ಆರಿಸತೊಡಗಿದ. ಅವನ ಮುಖದಲ್ಲಿ ಭಯವಿತ್ತು. ಒಂದು ಬೆಳೆ ಕಣ್ಣೆದುರಿಗೆ ಹಾಳಾಗುವಾಗ ರೈತನ ಮುಖದಲ್ಲಿರುವ ಭಯ. ನನಗೆ ಬೇರೆ ಏನೂ ತೋಚದೆ ಹೋಗಿ ಖಾಲಿ ಚಂದ್ರಿಕೆಯನ್ನು ತಂದೆ. ಅವನು ಬೆಳಗಿನ ಜಾವದವರೆಗೆ ಇಲ್ಲದ ಹುಳುಗಳನ್ನು ಅದರಲ್ಲಿ ಬಿಡುತ್ತಿದ್ದ, ನಾನು ಹಿಡಿದುಕೊಂಡಿದ್ದೆ.

ಬೆಳಿಗ್ಗೆ ನೆರೆಯವರು ಬಂದು ಗಾಳಿ ಸೋಕಿದೆ ಎಂದರು. ತಾಯಿತ ಕಟ್ಟಿಸಬೇಕೆಂದು ಒಬ್ಬರು, ತಣ್ಣೀರು ಸುರಿಯಬೇಕೆಂದು ಇನ್ನೊಬ್ಬರು. ಅಷ್ಟರಲ್ಲಿ ಅಪ್ಪನಿಗೆ ಮೂರ್ಛೆ ಬಂದು ಕೈಕಾಲು ಸೆಟೆಯಿತು. ನಾನು 108ಕ್ಕೆ ಫೋನು ಮಾಡಿದೆ. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲನೆಯ ಪ್ರಶ್ನೆ: "ಕುಡಿಯುವುದನ್ನು ನಿಲ್ಲಿಸಿ ಎಷ್ಟು ದಿನವಾಯಿತು?" ಅವ್ವ ತಬ್ಬಿಬ್ಬಾದಳು. ಕುಡಿದದ್ದಕ್ಕೆ ಬೈಯುವವರನ್ನು ಕಂಡಿದ್ದಳು. ನಿಲ್ಲಿಸಿದ್ದನ್ನು ತಪ್ಪಿನಂತೆ ಕೇಳುವವರನ್ನು ಕಂಡಿರಲಿಲ್ಲ.

ಅವರು ಆಮೇಲೆ ತಿಳಿಸಿ ಹೇಳಿದ್ದು ಹೀಗೆ. ಮದ್ಯ ಮಿದುಳಿನ ವೇಗವನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ದಿನವೂ ಹಾಗೆ ತಗ್ಗಿಸುತ್ತಿದ್ದರೆ ಮಿದುಳು ಸೋಲದೆ ತನ್ನ ವೇಗವನ್ನು ಏರಿಸಿಕೊಳ್ಳುತ್ತದೆ. ಭಾರದ ಗಾಡಿಯನ್ನು ಹಿಂದಿನಿಂದ ಒಬ್ಬ ಹಿಡಿದೆಳೆಯುತ್ತಿದ್ದರೆ ಎತ್ತು ಎರಡರಷ್ಟು ಬಲ ಹಾಕುವುದಿಲ್ಲವೆ, ಹಾಗೆ. ಹಿಂದಿನವನು ಏಕಾಏಕಿ ಕೈಬಿಟ್ಟರೆ ಗಾಡಿ ಎಲ್ಲಿಗೆ ಹೋದೀತು? ಮೊದಲು ನಡುಕ, ಬೆವರು. ಒಂದೆರಡು ದಿನದಲ್ಲಿ ಕೆಲವರಿಗೆ ಮೂರ್ಛೆ. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಈ ಭ್ರಮೆ. ಹುಳು ಹುಪ್ಪಟೆ ಕಾಣುವುದು ಇದರಲ್ಲಿ ಸಾಮಾನ್ಯ. ತನ್ನ ಕಸುಬನ್ನೇ ಕೈಯಲ್ಲಿ ಮಾಡತೊಡಗುವುದೂ ಉಂಟು; ದರ್ಜಿ ಇಲ್ಲದ ಬಟ್ಟೆ ಹೊಲಿಯುತ್ತಾನೆ, ಚಾಲಕ ಇಲ್ಲದ ಚಕ್ರ ತಿರುಗಿಸುತ್ತಾನೆ. ಚಿಕಿತ್ಸೆಯಿಲ್ಲದಿದ್ದರೆ ಜೀವಕ್ಕೇ ಅಪಾಯ. ಮಿದುಳನ್ನು ಶಾಂತಗೊಳಿಸುವ ಔಷಧವನ್ನು ಮೊದಲು ಹೆಚ್ಚಾಗಿ ಕೊಟ್ಟು ದಿನದಿನಕ್ಕೆ ಇಳಿಸುತ್ತ ಬಂದರು. ಜೊತೆಗೆ ಬಿ-1 ಜೀವಸತ್ವದ ಸೂಜಿಮದ್ದು. ಬಹಳ ಕುಡಿಯುವವರ ಮೈಯಲ್ಲಿ ಅದು ಬರಿದಾಗಿರುತ್ತದೆ. ಅದಿಲ್ಲದೆ ಮಿದುಳು ಶಾಶ್ವತವಾಗಿ ಕೆಡುವುದುಂಟಂತೆ.

ಆರನೆಯ ದಿನ ಅಪ್ಪ ಮನೆಗೆ ಬಂದ. ಮೇ 4ರಂದು ಅಂಗಡಿಗಳು ತೆರೆದು ಊರೂರಲ್ಲಿ ಜನ ಸಾಲು ನಿಂತಾಗ ಅವನು ಹೋಗಲಿಲ್ಲ. ನಾವು ಗೆದ್ದೆವೆಂದುಕೊಂಡೆವು. ವೈದ್ಯರು ಕೊನೆಯಲ್ಲಿ, "ಈಗ ಇಳಿದಿರುವುದು ವಿಷ, ಚಟವಲ್ಲ, ಮುಂದಿನ ಚಿಕಿತ್ಸೆಗೆ ಬನ್ನಿ" ಎಂದಿದ್ದರು. ನಾವು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು, ಊರವರು ಏನೆಂದಾರು, ವಾಸಿಯಾಗಿದೆಯಲ್ಲ. ಆ ವರ್ಷದ ದೀಪಾವಳಿಯ ಹೊತ್ತಿಗೆ ಸುಣ್ಣದ ಚೀಲದಲ್ಲಿ ಬಾಟಲಿ ಮತ್ತೆ ಸಿಕ್ಕಿತು.

ಇನ್ನು ಹೇಳಬೇಕಾದ್ದು ನನ್ನ ಮಾತು. 'ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು' ಎಂಬ ಬರಹವನ್ನು ನೀವು ಗೋಡೆಗಳ ಮೇಲೆ, ಬಸ್ಸಿನ ಹಿಂಭಾಗದಲ್ಲಿ ಓದಿರುತ್ತೀರಿ. ಕೆಳಗೊಂದು ಫೋನ್ ನಂಬರು. 2022ರ ಫೆಬ್ರವರಿಯಲ್ಲಿ, ದ್ವಿತೀಯ ಪಿ.ಯು.ಸಿ.ಯಲ್ಲಿದ್ದಾಗ, ಕಾಲೇಜಿಗೆ ಹೋಗುವ ದಾರಿಯಲ್ಲಿ ಕಂಡ ಅಂಥ ಒಂದು ನಂಬರನ್ನು ನಾನು ಬರೆದುಕೊಂಡೆ. ಅವ್ವ ಗೂಡಿನ ದುಡ್ಡಿನಲ್ಲಿ ಮುಚ್ಚಿಟ್ಟಿದ್ದ ಒಂದು ಸಾವಿರದ ಎಂಟುನೂರು ರೂಪಾಯಿ ಕೊಟ್ಟಳು. ಪೊಟ್ಟಣ ಬಂತು. ಬಿಳಿಯ ಪುಡಿ, ಒಳಗೆ ಏನಿದೆಯೆಂದು ಬರೆದಿರಲಿಲ್ಲ. ಒಂದು ಚಮಚದ ಕಾಲುಭಾಗ ಊಟದಲ್ಲಿ ಬೆರೆಸಿ, ರುಚಿ ಗೊತ್ತಾಗುವುದಿಲ್ಲ, ವಾರದಲ್ಲಿ ಹೆಂಡದ ವಾಸನೆಯೇ ಆಗದಂತಾಗುತ್ತದೆ ಎಂದು ಫೋನಿನಲ್ಲಿ ಹೇಳಿದರು. ನಾವು ಉಪ್ಪಿನ ಜಾಡಿಯ ಹಿಂದೆ ಇಟ್ಟೆವು. ಬಾಟಲಿ ಬಚ್ಚಿಡುವುದಕ್ಕೆ ಅಪ್ಪನನ್ನು ಬೈಯುತ್ತಿದ್ದ ನಾವೇ! ಆಗ ಅದು ಹೊಳೆಯಲಿಲ್ಲ. ಪುಣ್ಯದ ಕೆಲಸ ಮಾಡುತ್ತಿದ್ದೇವೆಂಬ ಉತ್ಸಾಹ.

ಬೆರೆಸುವವನು ನಾನು, ಬಡಿಸುವವಳು ಅವ್ವ. ಮೂರು ದಿನ ಹಾಗೆ ನಡೆಯಿತು. ನಾಲ್ಕನೆಯ ದಿನ ಅಪ್ಪ ಎಂದಿಗಿಂತ ಬೇಗ ಬಂದು ಉಣ್ಣಲು ಕುಳಿತ. ಮುದ್ದೆ, ಸಾರು. ಅವ್ವ ಎದುರಿಗೆ ಕುಳಿತು ತುತ್ತು ತುತ್ತಿಗೂ ನೋಡುತ್ತಿದ್ದಳು. ಅವನು ಮುದ್ದೆ ಮುಗಿಸಿ ಇನ್ನೊಂದು ಕೇಳಿದ. ಸಾರನ್ನೂ ಮತ್ತೆ ಹಾಕಿಸಿಕೊಂಡ. ಪುಡಿಯನ್ನು ನಾನು ಆ ದಿನ ಪಾತ್ರೆಗೇ ಬೆರೆಸಿದ್ದೆ. ಅವ್ವ ನನ್ನ ಮುಖ ನೋಡಿದಳು. ಬೇಡವೆನ್ನಲು ಕಾರಣ ಹೇಳಬೇಕಲ್ಲ! ಬಡಿಸಿದಳು.

ಉಂಡು ಹೊರಗೆ ಹೋದವನನ್ನು ಒಂದು ಗಂಟೆಯೊಳಗೆ ಇಬ್ಬರು ಹೊತ್ತು ತಂದರು. ಮುಖ, ಕುತ್ತಿಗೆ, ಎದೆ ಕೆಂಡದಂತೆ ಕೆಂಪು. ವಾಂತಿ. ಎದೆ ಹೊಡೆದುಕೊಳ್ಳುವುದು ಅಂಗಿಯ ಮೇಲೆ ಕಾಣುತ್ತಿತ್ತು. ಉಸಿರು ಸಿಕ್ಕದೆ ನನ್ನ ತೋಳನ್ನು ಹಿಡಿದ. ಆಸ್ಪತ್ರೆ ತಲಪುವ ಹೊತ್ತಿಗೆ ಮೈ ತಣ್ಣಗಾಗಿ ನಾಡಿ ಕೈಗೆ ಸಿಕ್ಕುತ್ತಿರಲಿಲ್ಲ. ಕರ್ತವ್ಯದಲ್ಲಿದ್ದ ವೈದ್ಯೆ ನೋಡಿದೊಡನೆಯೇ, "ಇವರಿಗೆ ಕುಡಿತ ಬಿಡಿಸುವ ಮಾತ್ರೆ ಏನಾದರೂ ಕೊಡುತ್ತಿದ್ದೀರಾ?" ಎಂದರು. "ಇಲ್ಲ" ಎಂದೆ. ಈ ಒಂದು ಮಾತನ್ನು ಬರೆಯುವುದಕ್ಕೇ ನಾನು ಇಷ್ಟು ಹಿಂದೆ ಮುಂದೆ ನೋಡಿದ್ದು. ಇಲ್ಲ ಎಂದೆ. ಅವರು ಮತ್ತೆ ಕೇಳಿದರು: "ಗೊತ್ತಾದರೆ ಮಾತ್ರ ಸರಿಯಾಗಿ ನೋಡಿಕೊಳ್ಳಬಹುದು." ಆಗ ಅವ್ವ ಸೆರಗಿನಿಂದ ಪೊಟ್ಟಣವನ್ನು ತೆಗೆದು ಮೇಜಿನ ಮೇಲಿಟ್ಟಳು. "ನಾವೇ ಸಾರ್ಗ ಹಾಕ್ದೋ ಅವ್ವಾ" ಎಂದಳು. ಅಪ್ಪನಿಗೆ ಪ್ರಜ್ಞೆಯಿತ್ತು. ಕಣ್ಣು ತೆರೆದು ಅವಳನ್ನು ನೋಡಿದ, ಆಮೇಲೆ ನನ್ನನ್ನು, ಆಮೇಲೆ ಗೋಡೆಯ ಕಡೆ ತಿರುಗಿದ.

ಪುಡಿಯಲ್ಲಿ ಏನಿತ್ತೆಂದು ಪರೀಕ್ಷೆ ಮಾಡಿಸಿದವರಿಲ್ಲ. ಲಕ್ಷಣ ನೋಡಿದರೆ ಡೈಸಲ್ಫಿರಾಮ್ ಎಂಬ ಔಷಧವೇ ಇರಬೇಕೆಂದು ವೈದ್ಯೆ ಹೇಳಿದರು. ಅದರ ಚರಿತ್ರೆಯನ್ನು ನಾನು ಆಮೇಲೆ ಓದಿದೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಹಾಲ್ಡ್ ಮತ್ತು ಯಾಕೋಬ್ಸೆನ್ ಎಂಬಿಬ್ಬರು ವಿಜ್ಞಾನಿಗಳು 1940ರ ದಶಕದಲ್ಲಿ ಇದನ್ನು ಹೊಟ್ಟೆಹುಳುವಿನ ಔಷಧವೆಂದು ಪರೀಕ್ಷಿಸುತ್ತಿದ್ದರು. ತಾವೇ ಮಾತ್ರೆ ನುಂಗಿ ನೋಡಿದರು. ಆಮೇಲೆ ಎಂದಿನಂತೆ ಸ್ವಲ್ಪ ಮದ್ಯ ಸೇವಿಸಿದಾಗ ಮೈಯೆಲ್ಲ ಕೆಂಪೇರಿ ಸಂಕಟವಾಯಿತು. ಹೊಟ್ಟೆಹುಳುವಿನ ಔಷಧ ಹೀಗೆ ಕುಡಿತದ ಔಷಧವಾಯಿತು. 1948ರಲ್ಲಿ ಅದನ್ನು ಪ್ರಕಟಿಸಿದರು. ನಾವು ಕುಡಿದ ಮದ್ಯವನ್ನು ಮೈ ಮೊದಲು ಒಂದು ವಿಷವಸ್ತುವನ್ನಾಗಿ ಮಾಡಿ, ತಕ್ಷಣವೇ ಅದನ್ನು ನಿರಪಾಯವಾದದ್ದನ್ನಾಗಿ ಮಾರ್ಪಡಿಸುತ್ತದೆ. ಈ ಎರಡನೆಯ ಕೆಲಸವನ್ನು ಡೈಸಲ್ಫಿರಾಮ್ ತಡೆಯುತ್ತದೆ. ವಿಷ ಮೈಯಲ್ಲಿಯೇ ನಿಲ್ಲುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಇದರ ಗುಣ ಉಳಿಯಬಹುದು. ಹೃದಯ ಬಲಹೀನವಾಗಿದ್ದವರು ಸತ್ತದ್ದೂ ಉಂಟು. ಆದ್ದರಿಂದಲೇ ರೋಗಿಗೆ ಪೂರ್ತಿ ತಿಳಿಸದೆ ಎಂದಿಗೂ ಕೊಡಕೂಡದೆಂಬುದು ಇದರ ಮೊದಲನೆಯ ನಿಯಮ. ಗೋಡೆಯ ಮೇಲಿನ ಬರಹ ಆ ನಿಯಮವನ್ನೇ ತಲೆಕೆಳಗು ಮಾಡಿ ಮಾರಾಟಕ್ಕಿಟ್ಟಿದೆ.

ಅಪ್ಪ ಬದುಕಿದ. ಎರಡು ದಿನ ಕಳೆದು ಮನೆಗೆ ಬಂದ. ಜಗಳವಾಡಲಿಲ್ಲ. ಆದರೆ ಅಂದಿನಿಂದ ಅವನು ಮನೆಯಲ್ಲಿ ಉಣ್ಣುವುದನ್ನು ಬಿಟ್ಟ. ಹುಳುಮನೆಯ ಪಕ್ಕದಲ್ಲಿ ಮೂರು ಕಲ್ಲು ಹೂಡಿ, ತಾನೇ ಮುದ್ದೆ ಮಾಡಿಕೊಂಡು, ಉಪ್ಪು ಮೆಣಸಿನಕಾಯಿಯಲ್ಲಿ ಉಂಡ. ನೀರನ್ನು ಸಹ ತಾನೇ ಸೇದಿಕೊಳ್ಳುತ್ತಿದ್ದ. ಅವ್ವ ದಿನವೂ ಅವನ ಪಾಲನ್ನು ಎತ್ತಿಟ್ಟು ಮಾರನೆಯ ದಿನ ಎಮ್ಮೆಗೆ ಹಾಕುತ್ತಿದ್ದಳು. ಕುಡಿಯುವುದನ್ನು ಅವನು ನಿಲ್ಲಿಸಲೂ ಇಲ್ಲ. ಹೀಗೆ ಮೂರು ತಿಂಗಳು. ಕುಡಿತದಿಂದ ನಮ್ಮ ಮನೆಗೆ ಆದ ಕಷ್ಟಗಳಲ್ಲಿ ಇಷ್ಟು ದೊಡ್ಡದು ಇನ್ನೊಂದಿರಲಿಲ್ಲ. ಇದನ್ನು ಮಾಡಿದ್ದು ಕುಡಿತವಲ್ಲ, ನಾವು.

ಒಂದು ರಾತ್ರಿ ನಾನು ಹೋಗಿ ಆ ಕಲ್ಲೊಲೆಯ ಬಳಿ ಕುಳಿತೆ. ತಪ್ಪಾಯಿತು ಎಂದೆ. ಎಲ್ಲವನ್ನೂ ಹೇಳಿದೆ: ಗೋಡೆಯ ಬರಹ, ಫೋನು, ಪಾತ್ರೆಗೆ ಬೆರೆಸಿದ್ದು, ವೈದ್ಯೆಗೆ ಸುಳ್ಳು ಹೇಳಿದ್ದು. ಅವನು ಬೆಂಕಿ ಕೆದಕುತ್ತ ಬಹಳ ಹೊತ್ತು ಕುಳಿತಿದ್ದು, "ಕೇಳಿದ್ರೆ ನಾನೇ ಬತ್ತಿದ್ನಲ್ಲಾ" ಎಂದ. ಬರುತ್ತಿದ್ದನೋ ಇಲ್ಲವೋ! ಹದಿನೆಂಟು ವರ್ಷದಲ್ಲಿ ನಾನು ಅವನನ್ನು ಬೈದಿದ್ದೆ, ಅವನ ಮುಂದೆ ಅತ್ತಿದ್ದೆ, ಆಣೆ ಹಾಕಿಸಿದ್ದೆ. 'ಬರುತ್ತೀಯಾ' ಎಂದು ಕೇಳಿರಲಿಲ್ಲ. ಆಗ ಕೇಳಿದೆ.

2022ರ ಜೂನ್‌ನಲ್ಲಿ ನಾವಿಬ್ಬರೂ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು. ಅಲ್ಲಿ ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ರೋಗಿಯ ಜೊತೆ ಮನೆಯವರೊಬ್ಬರು ಇರಬೇಕು, ನಾನಿದ್ದೆ. ಸುಮಾರು ಮೂರು ವಾರ. ಸೆರೆಮನೆಯಂತಿರುತ್ತದೆಂದು ಭಾವಿಸಿದ್ದೆ, ಬಾಗಿಲಲ್ಲಿ ಬೇಲೂರಿನ ಒಬ್ಬ ಮುದುಕರು ಅಪ್ಪನಿಗೆ ಎಲೆಯಡಿಕೆ ಇದೆಯೇ ಎಂದು ಕೇಳಿದರು. ಆಟೋ ಓಡಿಸುವವರು, ಬ್ಯಾಂಕಿನವರು, ಒಬ್ಬ ಶಾಲಾಮಾಸ್ತರು, ನನಗಿಂತ ಚಿಕ್ಕವನಾದ ಒಬ್ಬ ಹುಡುಗ. ಅವನದು ಕುಡಿತವಲ್ಲ, ಗಾಂಜಾ ಮತ್ತು ಮಾತ್ರೆಗಳು, ಇಂಜಿನಿಯರಿಂಗ್ ಓದುತ್ತಿದ್ದ. ರಾತ್ರಿ ಅವನ ತಾಯಿ ಮೆಟ್ಟಿಲ ಮೇಲೆ ಕುಳಿತು ಯಾರಿಗೋ ಫೋನಿನಲ್ಲಿ, "ಮಗನಿಗೆ ಟೈಫಾಯ್ಡು" ಎನ್ನುತ್ತಿದ್ದರು. ನನಗೆ ಅವ್ವನ ನೆನಪಾಯಿತು.

ಮೊದಲ ವಾರ ನಡುಕಕ್ಕೆ ಔಷಧ, ಸೂಜಿಮದ್ದು, ರಕ್ತ, ಯಕೃತ್ತು, ಹೃದಯಗಳ ಪರೀಕ್ಷೆ. ಆಮೇಲೆ ಮಾತು. ನಾನು ಇದನ್ನು ಚಿಕಿತ್ಸೆಯೆಂದೇ ತಿಳಿದಿರಲಿಲ್ಲ. ದಿನವೂ ಎಲ್ಲರೂ ವೃತ್ತಾಕಾರವಾಗಿ ಕುಳಿತು, ಯಾವ ಹೊತ್ತಿನಲ್ಲಿ ಆಸೆ ಹುಟ್ಟುತ್ತದೆ, ಯಾರು ಎದುರಾದರೆ, ಜೇಬಿನಲ್ಲಿ ಎಷ್ಟಿದ್ದರೆ ಎಂದು ಹೇಳಬೇಕು. ಅಪ್ಪ ಒಂದು ವಾರ ಬಾಯಿ ಬಿಡಲಿಲ್ಲ. ಎಂಟನೆಯ ದಿನ, "ಗೂಡು ಮಾರಿದ್ ದಿವ್ಸ" ಎಂದ. "ಇಪ್ಪತ್ತೈದು ದಿನ ನಿದ್ದೆಗೆಟ್ಟು ಸಾಕಿರ್ತೀವಿ. ಮಾರಿ ಬಂದು ನೋಡುದ್ರೆ ಮನೆ ಬಣಬಣ ಅಂತದ. ಸದ್ದೇ ಇರಲ್ಲ ಸ್ವಾಮಿ." ಆಸೆ ಏಳುವುದು ಒಂದು ಅಲೆಯ ಹಾಗೆ, ಅರ್ಧ ಗಂಟೆ ತಡೆದರೆ ಇಳಿಯುತ್ತದೆ, ಆ ಅರ್ಧ ಗಂಟೆಗೆ ಏನು ಮಾಡುತ್ತೀರಿ ಎಂದು ಅವರು ಕೇಳಿದರು. ಗೂಡು ಮಾರಿದ ದಿನ ನೇರವಾಗಿ ಅಕ್ಕನ ಊರಿಗೆ ಹೋಗುತ್ತೇನೆ ಎಂದು ಅವನೇ ಉಪಾಯ ಹುಡುಕಿದ. ಇಂದಿಗೂ ಹಾಗೆಯೇ ಮಾಡುತ್ತಾನೆ.

ಬಿಡುಗಡೆಗೆ ಎರಡು ದಿನ ಮೊದಲು ಅವ್ವನನ್ನೂ ಕರೆಸಿದರು. ವೈದ್ಯರು ಮೇಜಿನ ಮೇಲೆ ಒಂದು ಮಾತ್ರೆಯ ಪಟ್ಟಿಯನ್ನಿಟ್ಟು ಹೆಸರು ಹೇಳಿದರು. ಡೈಸಲ್ಫಿರಾಮ್! ಅವ್ವ ಎದ್ದು ನಿಂತಳು. ವೈದ್ಯರಿಗೆ ಎಲ್ಲವೂ ಗೊತ್ತಿತ್ತು. ನಿಮ್ಮ ಹೃದಯ, ಯಕೃತ್ತು ಇದನ್ನು ತಡೆಯಬಲ್ಲವು, ಬೇಕಾದರೆ ತೆಗೆದುಕೊಳ್ಳಿ, ಬೇಡದಿದ್ದರೆ ಬೇರೆ ಔಷಧಗಳಿವೆ ಎಂದು ಅಪ್ಪನಿಗೇ ಹೇಳಿದರು. ಕೆಮ್ಮಿನ ಸಿರಪ್ಪು, ಅರಿಷ್ಟಗಳನ್ನು ಸಹ ಕುಡಿಯಕೂಡದು, ಅವುಗಳಲ್ಲಿಯೂ ಮದ್ಯಾಂಶವಿರುತ್ತದೆ ಎಂದರು. "ಇದನ್ನು ನುಂಗಿ ಕುಡಿದರೆ ಏನಾಗುತ್ತದೆಂದು ಗೊತ್ತಲ್ಲ?" ಎಂದರು. ಅಪ್ಪ ನಕ್ಕು, "ಗೊತ್ತು ಸ್ವಾಮಿ, ಅದ್ರಲ್ಲಿ ನಂಗ ಅನುಭವ ಅದ" ಎಂದ. ಮೂರು ತಿಂಗಳ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ಮಾತ್ರೆಯನ್ನು ದಿನವೂ ಬೆಳಿಗ್ಗೆ ಯಾರ ಮುಂದೆ ನುಂಗುತ್ತೀರಿ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವ್ವನ ಕಡೆ ತಿರುಗಿ, "ನೀನೇ ಕೊಡಮ್ಮಿ" ಎಂದ.

ಆ ಮೇಲೆ ಎಲ್ಲ ಸುಗಮವಾಯಿತೆಂದು ಬರೆದರೆ ಸುಳ್ಳಾದೀತು. 2023ರಲ್ಲಿ ಅಜ್ಜಿ ತೀರಿಕೊಂಡಾಗ ತಿಥಿಯ ಗಲಾಟೆಯಲ್ಲಿ ಮಾತ್ರೆ ನಿಂತಿತು. ತಿಂಗಳೊಳಗೆ ಮೂರು ದಿನ ಕುಡಿದ. ನಾಲ್ಕನೆಯ ಬೆಳಿಗ್ಗೆ ತಾನಾಗಿ ಬಂದು ಹೇಳಿದ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋಚೈತನ್ಯವೆಂಬ ಚಿಕಿತ್ಸಾ ಶಿಬಿರ ನಡೆಯುತ್ತದೆ, ಅಲ್ಲಿಗೆ ಹೋದೆವು. ಅಲ್ಲಿನ ವೈದ್ಯರು ಬೈಯಲಿಲ್ಲ. ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ ಏರಿದರೆ ಔಷಧವನ್ನೇ ಬಿಟ್ಟುಬಿಡುತ್ತಾರೆಯೆ ಎಂದು ಕೇಳಿದರು. 2024ರಲ್ಲಿ ಅವರ ಸಲಹೆಯಂತೆಯೇ ಮಾತ್ರೆಯನ್ನು ನಿಲ್ಲಿಸಿದ್ದಾಯಿತು.

2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯೊಂದಿದೆ. ನಮ್ಮ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅದಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದೆಯಂತೆ. ಮಿಕ್ಕ 37 ಮಂದಿಯ ಮನೆಗಳಲ್ಲಿ ಏನು ನಡೆಯುತ್ತಿದೆಯೆಂದು ನಾನು ಊಹಿಸಬಲ್ಲೆ. ಗೋಡೆಯ ಮೇಲಿನ ನಂಬರು ಅವರಿಗೂ ಕಂಡೀತು. ಅದಕ್ಕೆ ಬದಲಾಗಿ 14416 ಎಂಬ ನಂಬರನ್ನು ಇಲ್ಲಿ ಬರೆದಿಡುತ್ತೇನೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರದ ದೂರವಾಣಿ, ದುಡ್ಡಿಲ್ಲ, ಕನ್ನಡದಲ್ಲಿ ಮಾತನಾಡಬಹುದು. ನಮ್ಮ ಹಾಸ್ಟೆಲಿನ ಕೆಲವು ಗೆಳೆಯರು ಕುಡಿತವನ್ನೇಕೆ ಬರೆಯುತ್ತೀಯೆ, ಗಾಂಜಾ ಬಗ್ಗೆ ಬರೆ ಎಂದರು. ಅವರಿಗೆ ಅದರ ವಿಷಯ ನನಗಿಂತ ಹೆಚ್ಚು ತಿಳಿದಿದೆ. ಅವರೇ ಬರೆಯಲಿ.

ಇದನ್ನು ಅಚ್ಚಿಗೆ ಕೊಡುವ ಮೊದಲು, ಕಳೆದ ಭಾನುವಾರ, ಊರಿಗೆ ಹೋಗಿ ಅಪ್ಪನಿಗೆ ಓದಿ ಹೇಳಿದೆ. ಅವನು ಬೇಡವೆಂದರೆ ಹರಿದುಹಾಕುವುದೆಂದು ನಿಶ್ಚಯಿಸಿದ್ದೆ. ಮೂರನೆಯ ಜ್ವರದ ಹುಳು; ಆದ್ದರಿಂದ ಮೆಲ್ಲಗೆ ಓದಬೇಕಾಯಿತು. ಅವ್ವ ಬಾಗಿಲಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದಳು. ಅಪ್ಪ ಎಲ್ಲವನ್ನೂ ಕೇಳಿದ. ಹೊಸತೊಡಕಿನ ಮಾತಿಗೆ ಸ್ವಲ್ಪ ನಕ್ಕ. ಮುಗಿದ ಮೇಲೆ, "ಹೆಸರು ಹಾಕ್ಬೇಡ, ಮಿಕ್ಕಿದ್ದು ಹಾಕು" ಎಂದ. ಹಾಗೆಯೇ ಮಾಡಿದ್ದೇನೆ.

ಸ್ವಲ್ಪ ಹೊತ್ತು ಬಿಟ್ಟು, "ಅದೊಂದ್ ಬರ್ದಿಲ್ವಲ್ಲಾ ನೀನು" ಎಂದ.

"ಯಾವುದಪ್ಪಾ?"

"ಆವತ್ತು ನಾನ್ ಯಾಕ ಎಲ್ಡನೇ ಮುದ್ದೆ ಉಂಡೆ ಅಂತ." ಹುಳುವಿನ ತಟ್ಟೆಯ ಅಂಚನ್ನು ಸರಿಮಾಡುತ್ತ, ಅವ್ವನ ಕಡೆ ನೋಡದೆಯೇ ಹೇಳಿದ: "ಮೂರ್ ದಿವ್ಸದಿಂದ ನಿಮ್ಮವ್ವ ನನ್ ಎದ್ರುಗೇ ಕೂತ್ಕಂಡು ನಾನ್ ಉಣ್ಣಾದ್ನೇ ನೋಡ್ತಿದ್ಲು. ಹಂಗ ಕೂತು ಎಷ್ಟು ವರ್ಷ ಆಗಿತ್ತು! ಏಳಕ್ಕೆ ಮನಸಾಗ್ನಿಲ್ಲ ಕನಾ ಮಗ."